ಹೊರಗೆ ಸೋರದ ಸೋರಿಕೆ: ಔಟ್‌ಬೋರ್ಡ್ ಎಂಜಿನ್ನಿನ ಇಂಧನ ಪೈಪಿನ ಕನೆಕ್ಟರ್ ದೋಷ ಹುಡುಕುವ ಬಗೆ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಹಗ್ಗ ಎಳೆದ ಕೂಡಲೇ ಸ್ಟಾರ್ಟ್ ಆಗುತ್ತದೆ. ದೋಣಿ ನಿಲ್ಲಿಸುವ ದಕ್ಕೆ ಬಿಟ್ಟು ಸ್ವಲ್ಪ ದೂರ ಹೋಗಿ ಥ್ರಾಟಲ್ ಜಾಸ್ತಿ ಮಾಡಿದರೆ ಎರಡು ಸಲ ಮುಗ್ಗರಿಸಿ ಆಫ್. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ನಾಲ್ಕು ಸಲ ಒತ್ತಿದರೆ ಮತ್ತೆ ಸ್ಟಾರ್ಟ್. ಐದು ನಿಮಿಷ ಕಳೆದ ಮೇಲೆ ಅದೇ ಕಥೆ. ಹೀಗಾದಾಗ ಹೆಚ್ಚಿನವರು ಮೊದಲು ಪ್ಲಗ್ ಬಿಚ್ಚುತ್ತಾರೆ, ಆಮೇಲೆ ಕಾರ್ಬ್ಯುರೇಟರಿಗೆ ಕೈ ಹಾಕುತ್ತಾರೆ. ಸದ್ಯಕ್ಕೆ ಎರಡೂ ಬೇಡ. ಬಲ್ಬ್ ಒತ್ತಿದರೆ ಎಂಜಿನ್ನಿಗೆ ಜೀವ ಬರುತ್ತದೆ ಅಂದರೆ ಕಿಡಿ ಸರಿ ಇದೆ, ಇಂಧನ ಬರುವ ದಾರಿಯಲ್ಲಿ ತೊಂದರೆ ಇದೆ. ಆ ದಾರಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಪೈಪಿನ ತುದಿಯಲ್ಲಿ ದಿನಾ ಹಾಕಿ ತೆಗೆಯುವ ಕನೆಕ್ಟರಿನ ಮೇಲೆ.

ನಮ್ಮ ಕರಾವಳಿಯಲ್ಲಿ ಈ ದೋಷ ಜಾಸ್ತಿ ಕಾಣಿಸಿಕೊಳ್ಳುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ಹಾಗಾಗಿ ಮನೆ ಮೂಲೆಯಲ್ಲೋ ಶೆಡ್ಡಿನಲ್ಲೋ ತಿಂಗಳುಗಟ್ಟಲೆ ಒರಗಿಸಿಟ್ಟಿದ್ದ ಎಂಜಿನ್, ಬಿಸಿಲಿಗೆ ಒಣಗಿದ ಪೈಪು, ಎಲ್ಲಾ ಒಂದೇ ವಾರದಲ್ಲಿ ಕೆಲಸಕ್ಕೆ ಇಳಿಯುತ್ತವೆ. ಅದೂ ಕಡಲು ಎದ್ದಿರುವ ಹೊತ್ತಿನಲ್ಲಿ. ಗಂಗೊಳ್ಳಿಯದ್ದಾಗಲಿ, ಹೊನ್ನಾವರದ್ದಾಗಲಿ, ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಆಗ ಬಲ್ಬ್ ಒತ್ತುತ್ತಾ ಕೂರಲು ಸಮಯ ಇರುವುದಿಲ್ಲ. ಕೆಲಸ ದಡದಲ್ಲೇ ಮುಗಿಯಬೇಕು.

ಪೆಟ್ರೋಲ್ ಬರುವ ದಾರಿ

ಟ್ಯಾಂಕಿನ ಒಳಗೆ ತಳದವರೆಗೆ ಇಳಿದ ಒಂದು ನಳಿಕೆ, ಅದರ ತುದಿಗೆ ಬಲೆ. ಟ್ಯಾಂಕಿನ ಮೇಲೆ ಒಂದು ಕನೆಕ್ಟರ್. ಅಲ್ಲಿಂದ ಪೈಪು, ನಡುವೆ ಬಲ್ಬ್, ಮತ್ತೆ ಪೈಪು, ಎಂಜಿನ್ ಹತ್ತಿರ ಇನ್ನೊಂದು ಕನೆಕ್ಟರ್. ಎಂಜಿನ್ ಮುಚ್ಚಳದ ಒಳಗೆ ಫಿಲ್ಟರ್, ಇಂಧನ ಪಂಪ್, ಕೊನೆಗೆ ಕಾರ್ಬ್ಯುರೇಟರ್. ಬಲ್ಬಿನ ಎರಡು ತುದಿಯಲ್ಲೂ ಒಮ್ಮುಖ ವಾಲ್ವ್ ಇರುತ್ತದೆ. ಅದಕ್ಕೇ ಮೇಲೆ ಬಾಣದ ಗುರುತು ಹಾಕಿರುತ್ತಾರೆ. ಬಾಣ ಎಂಜಿನ್ ಕಡೆಗೆ ಇರಬೇಕು. ಎರಡು ತುದಿಗೂ ಒಂದೇ ತರಹದ ಕನೆಕ್ಟರ್ ಇರುವ ಪೈಪಾದರೆ ಅವಸರದಲ್ಲಿ ತಿರುಗಿಸಿ ಹಾಕುವುದುಂಟು. ಆಗ ಎಷ್ಟು ಹಗ್ಗ ಎಳೆದರೂ ಒಂದು ಹನಿ ಬರುವುದಿಲ್ಲ. ಬೇರೆ ಏನನ್ನೂ ಬಿಚ್ಚುವ ಮೊದಲು ಬಾಣ ನೋಡಿ.

ಈಗ ಮುಖ್ಯ ವಿಷಯ. ಎಂಜಿನ್ ಓಡುವಾಗ ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲನ್ನು ಯಾರೂ ತಳ್ಳುವುದಿಲ್ಲ. ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ: ತೂತಿನಿಂದ ಎಳನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕನೆಕ್ಟರಿನ ಬಾಯೊಳಗಿನ ರಬ್ಬರ್ ಬಳೆ, ಅಂದರೆ ಓ ರಿಂಗ್, ಸವೆದಿದ್ದರೂ ಅಷ್ಟೇ. ಓಡುವಾಗ ಮುಟ್ಟಿ ನೋಡಿದರೆ ಒಣಗಿಯೇ ಇರುತ್ತದೆ. 'ಸೋರುತ್ತಾ ಇಲ್ಲ, ಕನೆಕ್ಟರ್ ಸರಿಯಾಗಿಯೇ ಇದೆ' ಎಂದು ನಂಬಿ ಕಾರ್ಬ್ಯುರೇಟರ್ ಬಿಚ್ಚಲು ಶುರು ಮಾಡುವುದು ಇಲ್ಲಿಂದಲೇ. ಈ ಸೋರಿಕೆ ಹೊರಗೆ ಕಾಣುವುದು ಬಲ್ಬ್ ಒತ್ತಿದಾಗ ಮಾತ್ರ. ಆಗ ಒಳಗೆ ಒತ್ತಡ ಹುಟ್ಟುತ್ತದೆ, ಗಾಳಿ ಹೋಗುತ್ತಿದ್ದ ಸಂದಿಯಿಂದಲೇ ಪೆಟ್ರೋಲ್ ಜಿನುಗುತ್ತದೆ.

ಇದನ್ನು ಸಣ್ಣ ಕಿರಿಕಿರಿ ಎಂದು ಬಿಡುವ ಹಾಗಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೆ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಮೇಲಿಂದ ಬಿಸಿ ಜಾಸ್ತಿ. ಹಾಗೇ ಎಳೆದುಕೊಂಡು ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಒಂದು ರಬ್ಬರ್ ರಿಂಗಿನ ದುಡ್ಡೆಷ್ಟು, ಪಿಸ್ಟನ್ ಮತ್ತು ಬೋರಿನ ಖರ್ಚೆಷ್ಟು, ಲೆಕ್ಕ ಹಾಕಿ.

ತೆಗೆಯುವುದು, ಹಾಕುವುದು

ಹೆಚ್ಚಿನ ಕನೆಕ್ಟರ್ ಹಾಳಾಗುವುದು ತೆಗೆಯುವ ರೀತಿಯಿಂದ. ಮೊದಲು ಎಂಜಿನ್ ಆಫ್ ಮಾಡಿ. ಬೀಡಿ, ಒಲೆ, ಬ್ಯಾಟರಿ ವೈರಿನ ಕೆಲಸ ಯಾವುದೂ ಹತ್ತಿರ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ, ದೋಣಿಯ ತಳದಲ್ಲಿ ಕೂರುತ್ತದೆ. ಆಮೇಲೆ ಟ್ಯಾಂಕ್ ಮುಚ್ಚಳದ ಗಾಳಿ ತಿರುಪನ್ನು ಸಡಿಲಿಸಿ. ಬಿಸಿಲಿನಲ್ಲಿ ನಿಂತ ಟ್ಯಾಂಕಾದರೆ 'ಸುಸ್' ಎಂದು ಗಾಳಿ ಬರುತ್ತದೆ. ಆ ಒತ್ತಡ ಹೋಗದೆ ಕನೆಕ್ಟರ್ ಎಳೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮಬಹುದು. ಕೆಳಗೆ ಒಂದು ಬಟ್ಟೆ ಹಿಡಿಯಿರಿ. ಲಾಕನ್ನು ಪೂರ್ತಿ ಒತ್ತಿ, ಕನೆಕ್ಟರಿನ ಮೈ ಹಿಡಿದು ನೇರವಾಗಿ ಎಳೆಯಿರಿ. ಪೈಪು ಹಿಡಿದು ಎಳೆಯಬೇಡಿ, ಅಲ್ಲಾಡಿಸಿ ಅಲ್ಲಾಡಿಸಿ ಎಳೆಯಬೇಡಿ. ತಿರುಗಿಸಿ ತೆಗೆಯುವ ಮಾದರಿಯಾದರೆ ತಿರುಗಿಸಿಯೇ ತೆಗೆಯಿರಿ.

ತೆಗೆದ ಕನೆಕ್ಟರನ್ನು ಎಲ್ಲಿಡುತ್ತೀರಿ? ನಮ್ಮಲ್ಲಿ ಸುಮ್ನೆ ದೋಣಿಯ ಒಳಗೆ ಬಿಸಾಡುವುದೇ ಅಭ್ಯಾಸ. ಅಲ್ಲಿ ಮರಳು, ಮೀನಿನ ಪರೆ, ಉಪ್ಪು ನೀರು. ಪರೆಯ ಒಂದು ಚೂರು ವಾಲ್ವಿನ ಬಾಯಲ್ಲಿ ಕೂತರೂ ಸಾಕು, ಕನೆಕ್ಟರ್ ಪೂರ್ತಿ ಮುಚ್ಚುವುದಿಲ್ಲ. ಒಂದು ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ತೂಗುಹಾಕಿ. ಕನೆಕ್ಟರಿನ ಒಳಗೆ ಹೋಗಿ ಕೂರುವ ಎಂಜಿನ್ ಕಡೆಯ ಕಡ್ಡಿಗೂ ಒಂದು ಟೋಪಿ ಇರಲಿ.

ಹಾಕುವಾಗ ಎರಡೂ ಮುಖ ಒರೆಸಿ. ಓ ರಿಂಗಿಗೆ ಬೆರಳ ತುದಿಯಲ್ಲಿ ಒಂದು ಹನಿ ಟೂ ಸ್ಟ್ರೋಕ್ ಆಯಿಲ್ ಹಚ್ಚಿ. ಯಮಹಾದಂಥ ಎಂಜಿನ್ನುಗಳಲ್ಲಿ ಒಂದು ಕಡ್ಡಿಯಲ್ಲಿ ಪೆಟ್ರೋಲ್ ಹರಿಯುತ್ತದೆ, ಪಕ್ಕದಲ್ಲಿರುವುದು ನೇರ ಕೂರಿಸಲು ಮಾತ್ರ. ಎರಡೂ ಹೊಂದುವ ಹಾಗೆ ಹಿಡಿದು, 'ಟಕ್' ಎನ್ನುವವರೆಗೆ ಒತ್ತಿ. ಆಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಬರಬಾರದು. ಅರ್ಧ ಕೂತ ಕನೆಕ್ಟರ್ ಬಹಳ ಮೋಸದ್ದು. ಕನೆಕ್ಟರಿನ ಬಾಯಿ ಮುಚ್ಚುವ ಒಳಗಿನ ಗುಂಡನ್ನು ಕಡ್ಡಿ ಸ್ವಲ್ಪ ಮಾತ್ರ ತಳ್ಳಿರುತ್ತದೆ. ನಿಧಾನಕ್ಕೆ ಓಡಲು ಸಾಕಾಗುವಷ್ಟು ಪೆಟ್ರೋಲ್ ಬರುತ್ತದೆ, ಥ್ರಾಟಲ್ ತಿರುಗಿಸಿದ ಕೂಡಲೇ ಸಾಲುವುದಿಲ್ಲ.

ಲಾಕ್ ಮುರಿದಿದ್ದರೆ? ಟೈರ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ ಕನೆಕ್ಟರುಗಳನ್ನು ಯಾವ ದಕ್ಕೆಗೆ ಹೋದರೂ ನೋಡಬಹುದು. ಪಟ್ಟಿ ಒಂದೇ ಕಡೆಗೆ ಎಳೆಯುವುದರಿಂದ ಕನೆಕ್ಟರ್ ಓರೆಯಾಗಿ ಕೂರುತ್ತದೆ. ಓ ರಿಂಗಿನ ಒಂದು ಬದಿ ಹಿಸುಕಿಕೊಳ್ಳುತ್ತದೆ, ಇನ್ನೊಂದು ಬದಿಯಿಂದ ಗಾಳಿ ಹೋಗುತ್ತದೆ. ಲಾಕ್ ಹೋದರೆ ಕನೆಕ್ಟರೇ ಹೋಯಿತು ಎಂದು ತಿಳಿಯಿರಿ. ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದು ಕಂಪನಿಯದ್ದು ಇನ್ನೊಂದರ ಎಂಜಿನ್ನಿಗೆ ಸರಿಯಾಗಿ ಕೂರುವುದಿಲ್ಲ, ಒಂದೇ ಕಂಪನಿಯಲ್ಲೂ ಹಳೆ ಮಾದರಿಗೂ ಹೊಸದಕ್ಕೂ ವ್ಯತ್ಯಾಸ ಇರಬಹುದು. ಪೈಪಿನ ಒಳ ಅಳತೆಯನ್ನೂ ನೋಡಿಕೊಳ್ಳಿ, 6 ಮಿ.ಮೀ. ಪೈಪಿಗೆ ಕನೆಕ್ಟರಿನ 8 ಮಿ.ಮೀ. ಮೂತಿ ಬಲವಂತವಾಗಿ ತುರುಕಿದರೆ ಪೈಪು ಸೀಳುತ್ತದೆ.

ಬಲ್ಬ್ ಏನು ಹೇಳುತ್ತದೆ

ಅರ್ಧ ರೋಗ ಬಲ್ಬ್ ಮುಟ್ಟಿದರೇ ಗೊತ್ತಾಗುತ್ತದೆ. ಎಂಜಿನ್ ಮುಗ್ಗರಿಸುವ ಹೊತ್ತಿಗೇ ಒಬ್ಬರು ಬಲ್ಬನ್ನು ಕೈಯಲ್ಲಿ ಹಿಡಿದಿರಬೇಕು, ನಿಂತ ಮೇಲೆ ಅಲ್ಲ.

ಬಲ್ಬ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಟ್ಯಾಂಕ್ ಕಡೆಯಿಂದ ಪೆಟ್ರೋಲ್ ಬರುತ್ತಿಲ್ಲ, ಎಲ್ಲೋ ಕಟ್ಟಿಕೊಂಡಿದೆ. ಹತ್ತರಲ್ಲಿ ಹೆಚ್ಚು ಸಲ ಇದು ಮುಚ್ಚಿದ ಗಾಳಿ ತಿರುಪು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕಲ್ವಾ, ದಾರಿ ಇಲ್ಲದಿದ್ದರೆ ಪಂಪ್ ಎಷ್ಟು ಎಳೆದೀತು? ತಿರುಪು ತೆರೆದಿದ್ದೂ ಹೀಗೇ ಆದರೆ ಟ್ಯಾಂಕ್ ಕಡೆಯ ಕನೆಕ್ಟರ್ ಅರ್ಧ ಕೂತಿದೆಯಾ, ತಳದ ಬಲೆಗೆ ಕಸ ಹಿಡಿದಿದೆಯಾ, ಮೀನಿನ ಬಲೆಯ ರಾಶಿಯ ಕೆಳಗೆ ಪೈಪು ಮಡಚಿಕೊಂಡಿದೆಯಾ ನೋಡಿ.

ಬಲ್ಬ್ ಮೆತ್ತಗಿದ್ದು, ಒತ್ತಿದಾಗ ನೊರೆ ಹಿಂಡಿದಂತೆ ಆಗಿ, ಎಷ್ಟೊತ್ತಾದರೂ ಗಟ್ಟಿಯಾಗದಿದ್ದರೆ ಗಾಳಿ ಸೇರುತ್ತಿದೆ. ಅಥವಾ ಬಲ್ಬಿನ ಸ್ವಂತ ವಾಲ್ವ್ ಹೋಗಿದೆ. ಬಲ್ಬ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಎಂಜಿನ್ನಿಗೆ ಪೆಟ್ರೋಲ್ ಸಾಲದಿದ್ದರೆ ತಡೆ ಮುಂದೆ ಇದೆ: ಎಂಜಿನ್ ಕಡೆಯ ಕನೆಕ್ಟರ್ ಒಳಗಿನ ಗುಂಡು ತೆರೆದುಕೊಂಡಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿದೆ. ಒತ್ತಿದಷ್ಟೂ ಪೆಟ್ರೋಲ್ ಹೋಗುತ್ತಲೇ ಇದ್ದು ಕಾರ್ಬ್ಯುರೇಟರಿನಿಂದ ವಾಸನೆ ಬಂದರೆ ಒತ್ತುವುದನ್ನು ನಿಲ್ಲಿಸಿ. ಅದು ಫ್ಲೋಟಿನ ಸೂಜಿ ಅಥವಾ ಪಂಪಿನ ಪೊರೆಯ ವಿಷಯ, ಕನೆಕ್ಟರಿನದ್ದಲ್ಲ.

ಇನ್ನೊಂದು ಸುಳಿವು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಎಂಜಿನ್ ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಮುಗ್ಗರಿಸುತ್ತದೆಯಾ? ಹಾಗಿದ್ದರೆ ಪೈಪು ಗಿಡ್ಡವಾಗಿದೆ. ಆ ಕಡೆ ತಿರುಗಿದಾಗ ಪೈಪು ಬಿಗಿದು ಕನೆಕ್ಟರನ್ನು ಅಡ್ಡಕ್ಕೆ ಎಳೆಯುತ್ತದೆ, ಸವೆದ ಓ ರಿಂಗ್ ಅಲ್ಲಿಗೆ ಬಾಯಿ ಬಿಡುತ್ತದೆ. ಎಂಜಿನ್ ಎತ್ತಿ ಇಳಿಸಿದ ಮೇಲೆ ಶುರುವಾಗುವ ತೊಂದರೆಗೂ ಇದೇ ಕಾರಣ ಇರಬಹುದು.

ದಡದಲ್ಲಿ ಮಾಡುವ ಪರೀಕ್ಷೆ

ಟ್ಯಾಂಕ್ ಕಡೆಯ ಕನೆಕ್ಟರ್ ಮಾತ್ರ ಹಾಕಿ, ಎಂಜಿನ್ ಕಡೆಯದ್ದನ್ನು ಬಿಚ್ಚಿ ಒಣ ಬಟ್ಟೆಯ ಮೇಲಿಡಿ. ಬಲ್ಬಿನ ಬಾಣ ಮೇಲ್ಮುಖ ಆಗುವಂತೆ ಹಿಡಿದು ಒತ್ತಿ. ಹೀಗೆ ಹಿಡಿದರೆ ಒಳಗಿನ ಗಾಳಿ ಬೇಗ ಮೇಲೆ ಹೋಗುತ್ತದೆ, ವಾಲ್ವೂ ಸರಿಯಾಗಿ ಕೂರುತ್ತದೆ. ಬಿಚ್ಚಿದ ಕನೆಕ್ಟರಿನ ಒಳಗೆ ಸ್ಪ್ರಿಂಗ್ ಮೇಲೆ ಕೂತ ಗುಂಡು ಬಾಯಿ ಮುಚ್ಚಿರುವುದರಿಂದ ಬಲ್ಬ್ ಗಟ್ಟಿಯಾಗಬೇಕು. ಬಟ್ಟೆ ಒದ್ದೆಯಾದರೆ ಗುಂಡು ಮುಚ್ಚುತ್ತಿಲ್ಲ. ಎಲ್ಲೂ ಒದ್ದೆ ಇಲ್ಲ, ಆದರೆ ಬಲ್ಬ್ ನಿಧಾನಕ್ಕೆ ಮೆತ್ತಗಾಗುತ್ತಿದೆ ಎಂದರೆ ಟ್ಯಾಂಕ್ ಕಡೆಯ ವಾಲ್ವ್ ಹಿಂದಕ್ಕೆ ಬಿಡುತ್ತಿದೆ. ಬಲ್ಬ್ ಬದಲಿಸಿ, ರಿಪೇರಿ ಮಾಡಲು ಹೋಗಬೇಡಿ.

ಗಟ್ಟಿಯಾಗಿ ನಿಂತರೆ ಈಗ ಎಂಜಿನ್ನಿಗೆ ಹಾಕಿ. ಇನ್ನೂ ಸ್ವಲ್ಪ ಒತ್ತಿ, ಮತ್ತೆ ಗಟ್ಟಿಯಾಗುವವರೆಗೆ. ಈಗ ಕನೆಕ್ಟರಿನ ಸುತ್ತ ಟಿಶ್ಯೂ ಕಾಗದವೋ ಹಳೆಯ ಪೇಪರಿನ ತುಂಡೋ ಸುತ್ತಿ ಹಿಡಿಯಿರಿ. ಬೆರಳಿಗಿಂತ ಕಾಗದ ಬೇಗ ಹೇಳುತ್ತದೆ. ಕನೆಕ್ಟರನ್ನು ಮೆಲ್ಲಗೆ ನಾಲ್ಕೂ ಕಡೆಗೆ ಬಾಗಿಸಿ. ಯಾವುದೋ ಒಂದು ಕಡೆಗೆ ಬಾಗಿಸಿದಾಗ ಕಾಗದದ ಮೇಲೆ ಕಲೆ ಮೂಡಿದರೆ ಕಳ್ಳ ಸಿಕ್ಕಿದ. ಪೈಪು ಮತ್ತು ಮೂತಿ ಸೇರುವ ಕ್ಲಿಪ್ಪುಗಳನ್ನೂ ಹೀಗೇ ನೋಡಿ. ಬಲ್ಬಿನ ಎರಡು ತುದಿ ಸೇರಿ ಇಂಥ ನಾಲ್ಕು ಜೋಡಣೆ ಇರುತ್ತವೆ. ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದರೆ ಅದನ್ನು ಮೊದಲು ಕಿತ್ತು ಬಿಸಾಡಿ.

ಇಷ್ಟಕ್ಕೂ ಸಿಗದ ಸೋರಿಕೆಗೆ ಪಾರದರ್ಶಕ ಪೈಪಿನ ಪರೀಕ್ಷೆ. ಒಂದು ಗೇಣು ಪೈಪು ಸಾಕು. ಎಂಜಿನ್ ಮುಚ್ಚಳದ ಒಳಗೆ, ಕನೆಕ್ಟರ್ ದಾಟಿದ ಮೇಲೆ, ಫಿಲ್ಟರಿಗಿಂತ ಮೊದಲು ಅದನ್ನು ಸೇರಿಸಿ. ಎಂಜಿನ್ನನ್ನು ನೀರಿನಲ್ಲಿ ಇಳಿಸಿ ಓಡಿಸಿ. ಒಣಗಿದ್ದಲ್ಲಿ ಓಡಿಸಿದರೆ ತಂಪಿಗೆ ನೀರು ಎಳೆಯುವ ಚಕ್ರ, ಅಂದರೆ ಇಂಪೆಲ್ಲರ್, ಸುಡುತ್ತದೆ. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬರುವುದು ಸಹಜ. ಆಮೇಲೂ ಸಾಲಾಗಿ ಬರುತ್ತಿದ್ದರೆ ಗಾಳಿ ಸೇರುತ್ತಿದೆ. ಈಗ ಅದೇ ತುಂಡನ್ನು ಬಲ್ಬ್ ಮತ್ತು ಕನೆಕ್ಟರಿನ ನಡುವೆ ಹಾಕಿ ನೋಡಿ. ಅಲ್ಲಿ ಗುಳ್ಳೆ ಇಲ್ಲ, ಕನೆಕ್ಟರ್ ದಾಟಿದ ಮೇಲೆ ಇದೆ ಎಂದಾದರೆ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲೂ ಗುಳ್ಳೆ ಇದ್ದರೆ ಹಿಂದಕ್ಕೆ, ಟ್ಯಾಂಕ್ ಕಡೆಗೆ ಹೋಗಿ. ಪರೀಕ್ಷೆ ಮುಗಿದ ಮೇಲೆ ಆ ಪ್ಲಾಸ್ಟಿಕ್ ತುಂಡನ್ನು ತೆಗೆದುಬಿಡಿ. ಸಾಮಾನ್ಯ ಪಾರದರ್ಶಕ ಪೈಪು ಪೆಟ್ರೋಲಿಗೆ ಕೆಲವೇ ದಿನದಲ್ಲಿ ಕಲ್ಲಾಗಿ ಬಿರುಕು ಬಿಡುತ್ತದೆ.

ಪಕ್ಕದ ದೋಣಿಯವರ ಹತ್ತಿರ ಅದೇ ಮಾದರಿಯ ಟ್ಯಾಂಕ್ ಮತ್ತು ಪೈಪು ಇದ್ದರೆ ಅರ್ಧ ಗಂಟೆ ಕೇಳಿ ತನ್ನಿ. ಅದರಲ್ಲಿ ಎಂಜಿನ್ ಸರಾಗ ಓಡಿದರೆ ನಿಮ್ಮ ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ, ಖರ್ಚೂ ಇಲ್ಲ.

ಓ ರಿಂಗ್ ಬದಲಿಸುವಾಗ

ಕನೆಕ್ಟರಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ರಿಂಗಿನ ಮೈ ದುಂಡಗೆ, ನುಣ್ಣಗೆ ಇರುತ್ತದೆ. ಸವೆದದ್ದು ಒಳಬದಿಯಲ್ಲಿ ಚಪ್ಪಟೆಯಾಗಿ ಹೊಳೆಯುತ್ತದೆ, ಒಂದು ಕಡೆ ಉಗುರು ಗೀರಿದಂಥ ಸೀಳು ಇರುತ್ತದೆ. ಕೆಲವು ಉಬ್ಬಿ ಗುಳಿಯಿಂದ ಹೊರಗೆ ಬಂದಿರುತ್ತವೆ. ರಿಂಗ್ ತೆಗೆಯಲು ಸ್ಕ್ರೂಡ್ರೈವರ್ ಬೇಡ, ಗುಳಿಗೆ ಗೀರು ಬಿದ್ದರೆ ಹೊಸ ರಿಂಗೂ ನಿಲ್ಲುವುದಿಲ್ಲ. ಬಿದಿರಿನ ಹಲ್ಲುಕಡ್ಡಿ ಸಾಕು. ಅದೇ ಹೊತ್ತಿಗೆ ಹಲ್ಲುಕಡ್ಡಿಯಿಂದ ಗುಂಡನ್ನು ಮೆಲ್ಲಗೆ ಒತ್ತಿ ಬಿಡಿ. ಸ್ಪ್ರಿಂಗ್ ಚುರುಕಾಗಿ ಹಿಂದಕ್ಕೆ ತಳ್ಳಬೇಕು. ಎಂಜಿನ್ ಕಡೆಯ ಕಡ್ಡಿಯ ಮೇಲೂ ಬೆರಳಾಡಿಸಿ. ಉಪ್ಪು ಹಿಡಿದು ತರಿತರಿಯಾಗಿದ್ದರೆ ಆ ಕಡ್ಡಿಯೇ ಪ್ರತಿ ಸಲ ರಿಂಗನ್ನು ಕೊಯ್ಯುತ್ತಿದೆ. ಕಡ್ಡಿ ಹಾಗೇ ಬಿಟ್ಟು ರಿಂಗ್ ಮಾತ್ರ ಬದಲಿಸಿದರೆ ಕೆಲವು ದಿನಕ್ಕೆ ಮತ್ತೆ ಅದೇ.

ಪೇಟೆಯಲ್ಲಿ ನಲ್ಲಿಗೆ ಹಾಕುವ ರಿಂಗ್ ಅಳತೆಗೆ ಸರಿಯಾಗಿಯೇ ಸಿಗುತ್ತದೆ. ಹಾಕಬೇಡಿ. ನೀರಿನ ಕೆಲಸದ ರಬ್ಬರಿನಲ್ಲಿ ಪೆಟ್ರೋಲಿಗೆ ಊದಿಕೊಳ್ಳುವ ಜಾತಿ ಇದೆ, ಕಣ್ಣಿಗೆ ಎಲ್ಲಾ ಕಪ್ಪೇ. ಪೆಟ್ರೋಲಿಗೆ ಆಗುವ ನೈಟ್ರೈಲ್ ಅಥವಾ ಇನ್ನೂ ಒಳ್ಳೆಯದಾದ ವೈಟಾನ್ ರಿಂಗ್ ಕೇಳಿ. ಈಗ ಇದು ಮೊದಲಿಗಿಂತ ಮುಖ್ಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲಾ ಕಡೆ ಬಂದಿದೆ. ಎಥನಾಲ್ ಹಳೆಯ ರಬ್ಬರನ್ನು ಹಾಳು ಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಹಳೆಯ ಪೈಪಿನ ಒಳಪದರ ಕಿತ್ತು ಬಂದು, ಹೊರಗಿನಿಂದ ಚೆನ್ನಾಗಿ ಕಾಣುವ ಪೈಪಿನೊಳಗೇ ಬಾಗಿಲಿನಂತೆ ಮುಚ್ಚಿಕೊಳ್ಳುವುದುಂಟು. ತುದಿ ಕತ್ತರಿಸಿ ಒಳಗೆ ನೋಡಿದರೆ ಗೊತ್ತಾಗುತ್ತದೆ. ಹೊಸ ಪೈಪು ಮೂತಿಗೆ ಹತ್ತದಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಲೈಟರ್ ಹಿಡಿಯಬೇಡಿ. ಕನೆಕ್ಟರ್ ಬಾಯಿಗೆ ಟೆಫ್ಲಾನ್ ಟೇಪ್, ಎಂ-ಸೀಲ್ ಯಾವುದೂ ಬೇಡ. ಟೇಪಿನ ಎಳೆ ಕಿತ್ತುಬಂದು ಕಾರ್ಬ್ಯುರೇಟರಿನ ಜೆಟ್ಟಿಗೆ ಸಿಕ್ಕಿಕೊಂಡರೆ ಇನ್ನೊಂದು ಹೊಸ ರೋಗ.

ಸೀಮೆಎಣ್ಣೆ ಎಂಜಿನ್ ಇರುವವರಿಗೆ ಒಂದು ಹೆಚ್ಚುವರಿ ಜಾಗ ಇದೆ: ಪೆಟ್ರೋಲಿನಿಂದ ಸೀಮೆಎಣ್ಣೆಗೆ ಬದಲಿಸುವ ಕಾಕ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೀರಿ. ಪೆಟ್ರೋಲಿನಲ್ಲಿ ಎಷ್ಟು ಹೊತ್ತು ಓಡಿಸಿದರೂ ಸರಿ ಇದ್ದು, ಸೀಮೆಎಣ್ಣೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ನಿಂತರೆ ಸೀಮೆಎಣ್ಣೆ ಟ್ಯಾಂಕಿನ ಪೈಪು ಮತ್ತು ಕನೆಕ್ಟರ್ ಮಾತ್ರ ನೋಡಿದರೆ ಸಾಕು. ಎರಡರಲ್ಲೂ ನಿಂತರೆ ಕಾಕಿನ ವಾಷರ್ ಅಥವಾ ಅದರಿಂದ ಮುಂದಿನ ಜಾಗ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ತಿರುಗಿಸಿದರೂ ಹೀಗೇ ಮುಗ್ಗರಿಸುತ್ತದೆ, ಅದನ್ನು ಕನೆಕ್ಟರಿನ ತಲೆಗೆ ಕಟ್ಟಬೇಡಿ.

ಕಡಲಲ್ಲೇ ಕೈಕೊಟ್ಟರೆ

ಮೊದಲು ಗಾಳಿ ತಿರುಪು, ಆಮೇಲೆ ಎರಡೂ ಕನೆಕ್ಟರ್ ತೆಗೆದು ಒರೆಸಿ ಮತ್ತೆ ಒತ್ತಿ ಕೂರಿಸುವುದು. ಅಷ್ಟಕ್ಕೇ ಸರಿಹೋಗುವುದು ಜಾಸ್ತಿ. ಆಗದಿದ್ದರೆ ಟ್ಯಾಂಕನ್ನು ಅಡ್ಡಪಟ್ಟಿಯ ಮೇಲೆ, ಸಾಧ್ಯವಾದಷ್ಟು ಎತ್ತರದಲ್ಲಿ ಕಟ್ಟಿ. ಪೆಟ್ರೋಲ್ ತಾನಾಗಿ ಇಳಿದು ಬರುವುದರಿಂದ ಪಂಪ್ ಎಳೆಯುವ ಕೆಲಸ ಕಡಿಮೆಯಾಗುತ್ತದೆ, ಗಾಳಿಯೂ ಕಡಿಮೆ ಸೇರುತ್ತದೆ. ಆದರೆ ಈಗ ಅದೇ ಸಂದಿಯಿಂದ ಪೆಟ್ರೋಲ್ ಹೊರಗೆ ಹನಿಯಲು ಶುರುವಾಗಬಹುದು. ಕೆಳಗೆ ಬಟ್ಟೆ ಕಟ್ಟಿ, ಒಬ್ಬರು ಕಣ್ಣಿಟ್ಟಿರಲಿ. ಅರ್ಧ ಥ್ರಾಟಲಿಗಿಂತ ಮೇಲೆ ಹೋಗಬೇಡಿ, ನೇರ ದಡಕ್ಕೆ ಬನ್ನಿ. ಇನ್ನೊಬ್ಬರು ಬಲ್ಬ್ ಒತ್ತುತ್ತಾ ಬರುವುದೂ ಆಗುತ್ತದೆ, ಆದರೆ ಗಟ್ಟಿಯಾದ ಮೇಲೂ ಒತ್ತುತ್ತಲೇ ಇದ್ದರೆ ಕಾರ್ಬ್ಯುರೇಟರ್ ತುಂಬಿ ಹರಿಯುತ್ತದೆ. ಅಳಿವೆ ದಾಟಬೇಕಿದ್ದರೆ ಹೀಗೆ ಅರೆಜೀವದ ಎಂಜಿನ್ನಿನಲ್ಲಿ ಒಳಗೆ ನುಗ್ಗಬೇಡಿ. ಹೊರಗೇ ನಿಂತು ಇನ್ನೊಂದು ದೋಣಿಗೆ ಹಗ್ಗ ಕೊಡಿ.

ರಿಪೇರಿ ಆದ ಮೇಲೆ ಡ್ರಮ್ಮಿನ ನೀರಿನಲ್ಲಿ ಐದು ನಿಮಿಷ ಓಡಿಸಿ 'ಸರಿಯಾಯಿತು' ಎನ್ನಬೇಡಿ. ನಿಧಾನಕ್ಕೆ ಓಡುವಾಗ ಎಂಜಿನ್ ಕುಡಿಯುವ ಪೆಟ್ರೋಲ್ ತೀರಾ ಕಡಿಮೆ, ಅರ್ಧ ಕಟ್ಟಿದ ದಾರಿಯಲ್ಲೂ ಅಷ್ಟು ಬರುತ್ತದೆ. ಹೊಳೆಯ ಒಳಗೆ, ದಡದ ಹತ್ತಿರವೇ, ಇಬ್ಬರು ಕೂತು ಫುಲ್ ಥ್ರಾಟಲಿನಲ್ಲಿ ಹತ್ತು ನಿಮಿಷ ಓಡಿಸಿ. ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಒಬ್ಬರ ಕೈ ಬಲ್ಬಿನ ಮೇಲೆ ಇರಲಿ. ವಾಪಸ್ ಬಂದು ಎಂಜಿನ್ ಆಫ್ ಮಾಡಿದ ಮೇಲೆ ಬಲ್ಬನ್ನು ಎರಡು ಸಲ ಒತ್ತಿ, ಕಾಗದ ಸುತ್ತಿ ಇನ್ನೊಮ್ಮೆ ನೋಡಿ. ಒಣಗಿದ್ದರೆ ಮರುದಿನ ಹೊರಡಬಹುದು.